ಕಡಲ ತಳದ ಒಕ್ಕಲು

ನಮ್ಮ ಸೀಮೆಯ ಕನ್ನಡದಲ್ಲಿ 'ಎರೆ' ಎಂದರೆ ಕಪ್ಪು ನೆಲ. ತೆಲುಗಿನಲ್ಲಿ 'ಎರ್ರನೇಲ' ಎಂದರೆ ಕೆಂಪು ನೆಲ. ಆದೋನಿಯ ಸುತ್ತಿನ ಊರುಗಳಲ್ಲಿ ಎರಡು ಭಾಷೆಗಳನ್ನೂ ಆಡುತ್ತ ಬೆಳೆದವರಿಗೆ ಇದು ಹೊಸದಲ್ಲ. ಹೊರಗಿನಿಂದ ಬಂದವರು ಮಾತ್ರ ತಬ್ಬಿಬ್ಬಾಗುತ್ತಾರೆ. ಇನ್ನು 'ಎರೆಹುಳು' ಎಂಬಲ್ಲಿನ ಎರೆ ಮತ್ತೊಂದೇ ಶಬ್ದ. ಹಕ್ಕಿಯ ತುತ್ತು, ಗಾಳಕ್ಕೆ ಸಿಕ್ಕಿಸುವ ಆಹಾರ ಎಂಬುದು ಅದರ ಅರ್ಥ. ತಮಿಳಿನ 'ಇರೈ', ತೆಲುಗಿನ 'ಎರ' ಇದರ ಒಡಹುಟ್ಟುಗಳು. ಉಚ್ಚಾರ ಒಂದೇ ಆದರೂ ಮೂಲ ಬೇರೆಯಾದ ಪದಗಳಿಗೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಿಲ್ಲ.

ಆದರೆ ಈ ಎರಡು ಎರೆಗಳು ನಿಘಂಟಿನ ಹೊರಗೆ ಒಂದೇ ಕೆಲಸವನ್ನು ಮಾಡುತ್ತವೆ. ಬೇಸಗೆಯಲ್ಲಿ ಎರೆಹೊಲ ಕಾಲು ಇಳಿಯುವಷ್ಟು ಬಿರಿಯುತ್ತದೆ. ಮೇಲಿನ ಪುಡಿಮಣ್ಣು ಆ ಬಿರುಕುಗಳೊಳಗೆ ಸುರಿಯುತ್ತದೆ. ಮಳೆ ಬಂದು ಜೇಡಿ ಉಬ್ಬಿದಾಗ ಬಿರುಕುಗಳು ಮುಚ್ಚಿ, ಒಳಗೆ ಬಿದ್ದ ಮಣ್ಣು ಅಲ್ಲಿಯೇ ಸೆರೆಯಾಗುತ್ತದೆ. ಎಡೆ ಸಾಲದೆ ಒತ್ತುವ ಮಣ್ಣು ಮೇಲಕ್ಕೆ ಸರಿಯುತ್ತದೆ. ಹೀಗೆ ನೆಲ ತನ್ನನ್ನು ತಾನೇ ನುಂಗಿ ಮಗುಚಿಕೊಳ್ಳುತ್ತದೆ. ಎರೆಹುಳು ಇದೇ ಕೆಲಸವನ್ನು ಹೊಟ್ಟೆಯ ಮೂಲಕ ನಡೆಸುತ್ತದೆ. ಚಾರ್ಲ್ಸ್ ಡಾರ್ವಿನ್ 1842ರಲ್ಲಿ ತನ್ನ ಮನೆಯ ಬಳಿಯ ಹೊಲವೊಂದರ ಮೇಲೆ ಸೀಮೆಸುಣ್ಣದ ಚೂರುಗಳನ್ನು ಹರಡಿಸಿ, 29 ವರ್ಷ ಕಾದು, 1871ರಲ್ಲಿ ಅಗೆಸಿ ನೋಡಿದನು. ಸುಣ್ಣದ ಬಿಳಿಯ ಗೆರೆ ನೆಲದಿಂದ ಏಳು ಅಂಗುಲ ಕೆಳಗಿತ್ತು. ಹುಳುಗಳು ಕೆಳಗಿನ ಮಣ್ಣನ್ನು ತಿಂದು ಮೇಲೆ ಹಿಕ್ಕೆಯಾಗಿ ಹಾಕುತ್ತ ಬಂದುದರಿಂದ ಸುಣ್ಣ ಇಳಿದಿತ್ತು. 1881ರಲ್ಲಿ, ಸಾಯುವ ಮುಂಚಿನ ವರ್ಷ, ಆತ ಪ್ರಕಟಿಸಿದ ಪುಸ್ತಕ ಈ ಹುಳುಗಳನ್ನೇ ಕುರಿತದ್ದು.

ನಾವು ಇಂದು ನೋಡಬೇಕಾದುದು ಇದೇ ವ್ಯಾಪಾರ ಕಡಲ ತಳದಲ್ಲಿ ನಡೆಯುವ ಬಗೆಯನ್ನು. ನದಿಗಳು ತಂದ ಹೂಳು, ನೀರಿನಲ್ಲಿ ಸತ್ತು ಕೆಳಗಿಳಿದ ಸೂಕ್ಷ್ಮಜೀವಿಗಳ ಚಿಪ್ಪು, ಗಾಳಿಯಲ್ಲಿ ತೇಲಿಬಂದ ಧೂಳು ಎಲ್ಲವೂ ಅಲ್ಲಿ ಪದರಪದರವಾಗಿ ಕೂಡುತ್ತವೆ. ಕೂಡಿದ್ದು ಕೂಡಿದಂತೆಯೇ ಇರಲು ಹುಳು, ಚಿಪ್ಪುಜೀವಿ, ಏಡಿ, ಸೀಗಡಿ, ಕಡಲ ಮುಳ್ಳುಚೆಂಡು ಮೊದಲಾದ ಬೆನ್ನೆಲುಬಿಲ್ಲದ ಪ್ರಾಣಿಗಳು ಬಿಡುವುದಿಲ್ಲ. ಜರ್ಮನಿಯ ರುಡಾಲ್ಫ್ ರಿಕ್ಟರ್ 1952ರಲ್ಲಿ ಈ ಕ್ರಿಯೆಗೆ 'ಬಯೋಟರ್ಬೇಶನ್' ಎಂದು ಹೆಸರಿಟ್ಟನು. ಗ್ರೀಕಿನ ಜೀವ, ಲ್ಯಾಟಿನ್ನಿನ ಕಲಕು ಎರಡನ್ನೂ ಬೆಸೆದ ಪದವಿದು. ನಮ್ಮ ವ್ಯಾಕರಣದ ಮಾತಿನಲ್ಲಿ ಹೇಳುವುದಾದರೆ ಅರಿಸಮಾಸ. ಇದನ್ನು ಕನ್ನಡದಲ್ಲಿ ಏನೆನ್ನೋಣ? 'ಜೈವಿಕ ಮಂಥನ' ಎನ್ನಬಹುದು. ಆದರೆ ಮಂಥನವೆಂದೊಡನೆ ಬೆಣ್ಣೆಯೋ ಅಮೃತವೋ ಬೇರ್ಪಡಬೇಕು. ಇಲ್ಲಿ ಬೇರೆಯಾಗಿದ್ದುದು ಬೆರೆಯುತ್ತದೆ, ಅರ್ಥ ತಲೆಕೆಳಗಾಯಿತು. 'ಉಳುಮೆ' ಕಿವಿಗೆ ಇಂಪು, ಆದರೆ ಉಳುವವನಿಗೆ ಬಿತ್ತುವ ಉದ್ದೇಶವಿರುತ್ತದೆ. 'ಜೀವಿಗಳ ಕಲಕಾಟ' ಎಂಬುದು ನನಗೆ ಒಪ್ಪುವ ಮಾತು. ಇದಕ್ಕಿಂತ ಉತ್ತಮವಾದುದು ಯಾರಿಗಾದರೂ ಹೊಳೆದರೆ ವಿಭಾಗಕ್ಕೆ ಬರೆದು ಕೊಡಿರಿ.

ಕಲಕುವ ರೀತಿ ಎಲ್ಲ ಪ್ರಾಣಿಗಳದೂ ಒಂದೇ ಅಲ್ಲ. ಕೆಲವು ಪಾಲಿಕೀಟ್ ಹುಳುಗಳು ತಲೆ ಕೆಳಗಾಗಿ ನಿಂತು ಆಳದ ಕೆಸರನ್ನು ತಿಂದು, ಬಾಲದ ಕಡೆಯಿಂದ ಅದನ್ನು ಮೇಲ್ಮೈಗೆ ಹಾಕುತ್ತವೆ. ಏತದಂತೆ ಕೆಳಗಿನದು ಮೇಲಕ್ಕೆ ಬರುತ್ತದೆ. ಬೇರೆ ಕೆಲವು ಮೇಲಿನದನ್ನು ತಿಂದು ಕೆಳಗೆ ಬಿಡುತ್ತವೆ. ಚಿಪ್ಪುಜೀವಿಗಳು ಹೆಚ್ಚು ಆಳಕ್ಕೆ ಹೋಗದೆ, ಅತ್ತಿತ್ತ ಸರಿಯುತ್ತ ಸುತ್ತಲಿನ ಹೂಳನ್ನು ಅಲುಗಿಸುತ್ತವೆ. ಬಿಲ ತೋಡುವ ಸೀಗಡಿಗಳದು ದೊಡ್ಡ ಕೆಲಸ. ಕವಲೊಡೆದ ಸುರಂಗಗಳನ್ನು ಕೊರೆದು, ತೆಗೆದ ಮಣ್ಣನ್ನು ಬಾಯಿಯ ಬಳಿ ಗುಡ್ಡೆ ಹಾಕುತ್ತವೆ. ಕುಮಟಾದ ಬಳಿ ಅಘನಾಶಿನಿ ಕಡಲು ಸೇರುವಲ್ಲಿ ಇಳಿತದ ಹೊತ್ತಿಗೆ ಹೋದವರು ಇದನ್ನೆಲ್ಲ ಕಣ್ಣಾರೆ ಕಾಣಬಹುದು. ಅಣೆಕಟ್ಟಿಲ್ಲದ ಆ ನದಿಯ ಅಳಿವೆಯಲ್ಲಿ ಹೆಂಗಸರೂ ಗಂಡಸರೂ ನೀರಿಗಿಳಿದು ಕೆಸರಿನಿಂದ ಬಳಚು ಆಯುತ್ತಾರೆ. 2024ರಲ್ಲಿ ಆ ಅಳಿವೆ ರಾಮ್ಸಾರ್ ತಾಣಗಳ ಪಟ್ಟಿಗೆ ಸೇರಿತು.

ಬಿಲದ ಪ್ರಯೋಜನ ಮಣ್ಣು ಬೆರೆಯುವುದಕ್ಕಷ್ಟೇ ಸೀಮಿತವಲ್ಲ. ಕರಾವಳಿಯ ಕೆಸರಿನೊಳಗೆ ಆಮ್ಲಜನಕ ತಾನಾಗಿ ಇಳಿಯುವುದು ಕೆಲವೇ ಮಿಲಿಮೀಟರು. ಅದರ ಕೆಳಗಿನ ಮಣ್ಣು ಕಪ್ಪು. ಕೆದಕಿದರೆ ಕೊಳೆತ ಮೊಟ್ಟೆಯ ನಾತ. ಬಿಲದಲ್ಲಿರುವ ಹುಳು ಉಸಿರಾಟಕ್ಕಾಗಿ ಮೈಯನ್ನು ಅಲೆಯಾಡಿಸಿ ಮೇಲಿನ ನೀರನ್ನು ಒಳಗೆ ಎಳೆದುಕೊಂಡಾಗ ಆಮ್ಲಜನಕ ಹಲವು ಸೆಂಟಿಮೀಟರು ಆಳಕ್ಕೆ ಮುಟ್ಟುತ್ತದೆ. ಕಪ್ಪು ಕೆಸರನ್ನು ಸೀಳಿ ನೋಡಿದರೆ ಬಿಲದ ಸುತ್ತ ಕಂದುಬಣ್ಣದ ಉಂಗುರ ಕಾಣುವುದು ಇದರಿಂದಲೇ. ಅಲ್ಲಿನ ಕಬ್ಬಿಣಕ್ಕೆ ತುಕ್ಕು ಹಿಡಿದಿರುತ್ತದೆ. ಹೂಳಿನಲ್ಲಿ ಸಿಲುಕಿದ ಪೋಷಕಾಂಶಗಳು ಮರಳಿ ನೀರಿಗೆ ಸೇರುವುದಕ್ಕೂ ಇದು ದಾರಿ.

ಈಗ ಒಂದು ತೊಡಕಿನ ಪ್ರಶ್ನೆ. ಕಡಲ ಹೂಳಿನ ಪದರಗಳು ಹಿಂದಿನ ಮಳೆಗಾಲಗಳ ಲೆಕ್ಕದ ಪುಸ್ತಕ. ಮುಂಗಾರು ಬಲವಾಗಿದ್ದಾಗ ಒಂದು ಬಗೆಯ ಹೂಳು, ಸೊರಗಿದಾಗ ಇನ್ನೊಂದು ಬಗೆ. ಬರವನ್ನು ಬಲ್ಲ ನಮ್ಮ ಜಿಲ್ಲೆಯವರಿಗೆ ಆ ಪುಸ್ತಕ ಬೇಕಾದದ್ದೇ. ಆದರೆ ಹುಳುಗಳು ಅದರ ಹಾಳೆಗಳನ್ನು ಕಲಸುತ್ತವೆ. ಸಾಮಾನ್ಯವಾಗಿ ಕಲಕಾಟ ಜೋರಾಗಿರುವುದು ಮೇಲಿನ ಐದರಿಂದ ಹತ್ತು ಸೆಂಟಿಮೀಟರಿನಲ್ಲಿ. ವರ್ಷಕ್ಕೆ ಒಂದು ಮಿಲಿಮೀಟರು ಹೂಳು ಕೂಡುವ ಕಡೆ ಹತ್ತು ಸೆಂಟಿಮೀಟರೆಂದರೆ ನೂರು ವರ್ಷ. ಸಾವಿರ ವರ್ಷಕ್ಕೆ ಒಂದು ಸೆಂಟಿಮೀಟರು ಕೂಡುವ ನಡುಗಡಲಿನಲ್ಲಿ ಹತ್ತು ಸಾವಿರ ವರ್ಷಗಳು ಒಂದೇ ಮುದ್ದೆಯಾಗುತ್ತವೆ. ಕಲಕಾಟದ ವೇಗವನ್ನು ಅಳೆಯಲು ಸೀಸ-210 ಎಂಬ ವಿಕಿರಣಶೀಲ ವಸ್ತು ನೆರವಾಗುತ್ತದೆ. ಅದು ವಾತಾವರಣದಿಂದ ಬಿದ್ದು ಹೂಳಿಗೆ ಅಂಟುತ್ತದೆ; ಸುಮಾರು 22 ವರ್ಷಕ್ಕೆ ಅರ್ಧವಾಗುತ್ತದೆ. ಇಷ್ಟರಲ್ಲಿ ತಲುಪಲಾಗದ ಆಳದಲ್ಲಿ ಅದು ಸಿಕ್ಕಿದರೆ ಯಾವುದೋ ಪ್ರಾಣಿ ಅದನ್ನು ಅಲ್ಲಿಗೆ ಒಯ್ದಿದೆ ಎಂದರ್ಥ.

ಹಾಗಾದರೆ ಕಲಸದ ಪುಸ್ತಕ ಎಲ್ಲಿದೆ? ಪ್ರಾಣಿಗಳು ಬಾಳಲಾರದ ಕಡೆ. ಅರಬ್ಬೀ ಸಮುದ್ರದಲ್ಲಿ ಸುಮಾರು 150 ಮೀಟರಿನಿಂದ ಸಾವಿರ ಮೀಟರಿನಾಚೆಯವರೆಗೆ ಆಮ್ಲಜನಕ ತೀರ ಕಡಿಮೆಯಾದ ನೀರಿನ ಪಟ್ಟಿಯಿದೆ. ಆ ಪಟ್ಟಿ ತಳವನ್ನು ಮುಟ್ಟುವ ಇಳಿಜಾರಿನಲ್ಲಿ, ಮುಖ್ಯವಾಗಿ ಕರಾಚಿಯ ಎದುರಿನ ಕಡಲಲ್ಲಿ, ವರ್ಷವರ್ಷದ ಪದರಗಳು ಕೂದಲೆಳೆಯಷ್ಟು ತೆಳುವಾಗಿ ಉಳಿದಿವೆ. ಒಂದೆಡೆ ಉಸಿರು ಕಟ್ಟಿದ್ದರಿಂದ ಇನ್ನೊಂದೆಡೆ ಚರಿತ್ರೆ ದೊರಕಿತು. ಇದರಲ್ಲಿ ಸಂತೋಷಪಡುವಂತೆಯೂ ಇಲ್ಲ. ಗೋವೆಯ ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆಯ ಎಸ್. ಡಬ್ಲ್ಯೂ. ಎ. ನಖ್ವಿ ಮತ್ತು ಸಂಗಡಿಗರು 2000ದಲ್ಲಿ 'ನೇಚರ್' ಪತ್ರಿಕೆಯಲ್ಲಿ ಬರೆದಂತೆ, ನಮ್ಮ ಪಶ್ಚಿಮ ಕರಾವಳಿಯ ಆಳವಿಲ್ಲದ ಕಡಲಿನಲ್ಲಿಯೂ ಮಳೆಗಾಲದ ಕೊನೆಯಲ್ಲಿ ಆಮ್ಲಜನಕದ ಕೊರತೆ ತೀವ್ರವಾಗುತ್ತಿದೆ. ಅಂಥ ತಿಂಗಳುಗಳಲ್ಲಿ ತಳದ ಜೀವಿಗಳಿಗೆ ಬದುಕು ಕಷ್ಟ. ಅವುಗಳನ್ನು ತಿಂದು ಬಾಳುವ ಮೀನಿಗೂ, ಮೀನನ್ನು ನಂಬಿದ ಮನೆಗಳಿಗೂ ಅದರ ಪೆಟ್ಟು ತಟ್ಟುತ್ತದೆ.

ಕಲಕದ ಕೆಸರನ್ನು ನೋಡಲು ನಾವು ಕರಾಚಿಗೆ ಹೋಗಬೇಕಾಗಿಲ್ಲ. ಆದೋನಿಯ ಬೆಟ್ಟಗಳು ಗ್ರಾನೈಟಿನವು, ಅವುಗಳಲ್ಲಿ ಪದರವಿಲ್ಲ. ಪೂರ್ವಕ್ಕೆ ಬೇತಂಚೆರ್ಲ, ಬನಗಾನಪಲ್ಲಿಗಳ ಕಡೆ ನಡೆದರೆ ಸುಣ್ಣಕಲ್ಲಿನ ಹಾಸು ಮೊದಲಾಗುತ್ತದೆ. ವಿಲಿಯಂ ಕಿಂಗ್ 1872ರಲ್ಲಿ ಈ ಶಿಲೆಗಳನ್ನು ಕರ್ನೂಲಿನ ಹೆಸರಿನಲ್ಲಿ ವರ್ಣಿಸಿದನು. ಅವು ಒಂದಾನೊಂದು ಕಡಲಿನ ತಳದ ಕೆಸರು. ಹೂಳನ್ನು ಆಳವಾಗಿ ಅಗೆಯುವ ಪ್ರಾಣಿಗಳು ಲೋಕದಲ್ಲಿ ಹೆಚ್ಚತೊಡಗಿದ್ದು ಸುಮಾರು 54 ಕೋಟಿ ವರ್ಷಗಳ ಹಿಂದೆ. ಈ ಕೆಸರು ಅದಕ್ಕೂ ಹಿಂದಿನದು. ಕಲಕುವವರಿಲ್ಲದೆ ಪದರಗಳು ಸಪಾಟಾಗಿ ಉಳಿದವು. ಉಳಿಯಿಟ್ಟು ಬಡಿದರೆ ಕಲ್ಲು ಹಲಗೆಯಂತೆ ಏಳುವುದಕ್ಕೆ ಇದೂ ಒಂದು ಕಾರಣ. ಕಲಬುರಗಿ ಕಡೆಯ ಶಹಾಬಾದ್ ಕಲ್ಲಿನದೂ ಬಹುಮಟ್ಟಿಗೆ ಇದೇ ಕತೆ. ನಿಮ್ಮ ಮನೆಯ ಪಡಸಾಲೆಗೆ ಕಡಪ ಕಲ್ಲನ್ನೋ ಬೇತಂಚೆರ್ಲದ ಕಲ್ಲನ್ನೋ ಹಾಸಿದ್ದರೆ, ಹೊಸಿಲ ಬಳಿ ಅದರ ಅಂಚು ಹೊರಗೆ ಕಾಣುವ ಕಡೆ ನೀರು ಚಿಮುಕಿಸಿ ನೋಡಿರಿ. ಒಂದರ ಮೇಲೊಂದು ಸಣ್ಣ ಗೆರೆಗಳು ಕಾಣಿಸುತ್ತವೆ. ಯಾವ ಹುಳುವೂ ಅವುಗಳನ್ನು ದಾಟಿ ಹೋಗಿಲ್ಲ.