ಎಲುಬು ಕೂಡಿತು, ಬೆರಳೇಕೆ ಆಡುತ್ತಿಲ್ಲ?

ಕಬ್ಬಿನ ಹಂಗಾಮು ಬಂತೆಂದರೆ ಶೇಡಬಾಳ, ಉಗಾರ, ಕಾಗವಾಡದ ರಸ್ತೆಗಳಲ್ಲಿ ಕಬ್ಬು ಹೇರಿದ ಟ್ರ್ಯಾಕ್ಟರುಗಳ ಸಾಲು ಮುಗಿಯುವುದೇ ಇಲ್ಲ. ಮನೆಯ ಅಂಗಳದಲ್ಲಿ ಮೇವು ಕತ್ತರಿಸುವ ಯಂತ್ರ, ರಸ್ತೆ ಬದಿಯಲ್ಲಿ ಕಬ್ಬಿನ ಹಾಲಿನ ಗಾಣ, ಹೊಲದಲ್ಲಿ ರಾಶಿ ಮಾಡುವ ಯಂತ್ರ. ರಾತ್ರಿ ದೀಪವಿಲ್ಲದೆ ನಿಂತ ಟ್ರೇಲರಿಗೆ ಹಿಂದಿನಿಂದ ಬಂದು ಗುದ್ದುವ ಮೋಟರ್ ಸೈಕಲ್. ಇಂಥ ದುಡಿಮೆಯ ಊರುಗಳಲ್ಲಿ ಕೈಗೆ ದೊಡ್ಡ ಪೆಟ್ಟಾಗುವುದು ಅಪರೂಪವಲ್ಲ.

ಪೆಟ್ಟಾದ ದಿನ ಮನೆಯವರು ವೈದ್ಯರನ್ನು ಕೇಳುವ ಪ್ರಶ್ನೆಗಳು ಸಾಮಾನ್ಯವಾಗಿ ಮೂರು. ರಕ್ತ ನಿಂತಿತೇ? ಎಲುಬು ಮುರಿದಿದೆಯೇ? ಎಷ್ಟು ಹೊಲಿಗೆ ಬಿದ್ದವು? ನಾಲ್ಕನೆಯ ಪ್ರಶ್ನೆಯೊಂದಿದೆ: ‘ನರಕ್ಕೆ ಏನಾದರೂ ಆಗಿದೆಯೇ?’ ಇದನ್ನು ಕೇಳುವವರು ಕಡಿಮೆ. ಎರಡು ಮೂರು ತಿಂಗಳ ಮೇಲೆ ಗಾಯ ಮಾಯ್ದು, ಎಲುಬು ಕೂಡಿ, ಪ್ಲಾಸ್ಟರ್ ತೆಗೆದಾಗ ಕೈ ಮಣಿಕಟ್ಟಿನಿಂದ ಜೋತು ಬಿದ್ದಿರುತ್ತದೆ. ಕಿರುಬೆರಳಿಗೆ ಸೂಜಿ ಚುಚ್ಚಿದರೂ ತಿಳಿಯುವುದಿಲ್ಲ. ಆಗ ಈ ಪ್ರಶ್ನೆ ಏಳುತ್ತದೆ. ಅಷ್ಟರಲ್ಲಿ ಬೆಲೆಬಾಳುವ ಕಾಲ ಕಳೆದುಹೋಗಿರುತ್ತದೆ. ಈ ವಾರದ ಲೇಖನದ ಉದ್ದೇಶ ಆ ನಾಲ್ಕನೆಯ ಪ್ರಶ್ನೆಯನ್ನು ಮೊದಲ ದಿನವೇ ಕೇಳಲು ನಿಮ್ಮನ್ನು ಸಿದ್ಧಪಡಿಸುವುದು.

ನರ ಎಂದರೆ ಯಾವುದು?

ಆಡುಮಾತಿನಲ್ಲಿ ನಾವು ಮೂರು ಬೇರೆ ಬೇರೆ ವಸ್ತುಗಳಿಗೆ ‘ನರ’ ಎನ್ನುತ್ತೇವೆ. ಅಂಗೈಯ ಹಿಂಬದಿಯಲ್ಲಿ ನೀಲಿಯಾಗಿ ಉಬ್ಬಿ ಕಾಣುವುದು ನರವಲ್ಲ, ರಕ್ತನಾಳ. ಮುಷ್ಟಿ ಬಿಗಿದಾಗ ಮಣಿಕಟ್ಟಿನಲ್ಲಿ ಹಗ್ಗದಂತೆ ಎದ್ದು ನಿಲ್ಲುವುದೂ ನರವಲ್ಲ; ಅದು ಸ್ನಾಯುವನ್ನು ಎಲುಬಿಗೆ ಜೋಡಿಸುವ ಸ್ನಾಯುರಜ್ಜು. ನಿಜವಾದ ನರ ಹೊರಗೆ ಕಾಣುವುದಿಲ್ಲ. ಮೊಣಕೈಯ ಒಳಮಗ್ಗುಲು ಬಾಗಿಲಿಗೆ ತಾಗಿದಾಗ ಕಿರುಬೆರಳಿನವರೆಗೆ ‘ಝುಂ’ ಎಂದು ಕರೆಂಟ್ ಹೊಡೆದಂತಾಗುತ್ತದಲ್ಲ, ಅಲ್ಲಿ ತಾಗಿದ್ದು ನರಕ್ಕೆ.

ನರವನ್ನು ಬಾವಿಯ ಪಂಪ್‌ಸೆಟ್ಟಿಗೆ ಹೋಗುವ ಕೇಬಲ್ಲಿಗೆ ಹೋಲಿಸಬಹುದು. ಹೊರಗೊಂದು ಕವಚ, ಒಳಗೆ ಸಾವಿರಾರು ಸೂಕ್ಷ್ಮ ತಂತುಗಳು. ಕೆಲವು ತಂತುಗಳು ಮಿದುಳಿನ ಆಜ್ಞೆಯನ್ನು ಸ್ನಾಯುಗಳಿಗೆ ಒಯ್ಯುತ್ತವೆ. ಉಳಿದವು ಬಿಸಿ, ತಂಪು, ನೋವು, ಸ್ಪರ್ಶಗಳ ಸುದ್ದಿಯನ್ನು ಮಿದುಳಿಗೆ ತರುತ್ತವೆ. ಕೇಬಲ್ ತುಂಡಾದರೆ ಪಂಪು ಎಷ್ಟೇ ಗಟ್ಟಿಯಾಗಿದ್ದರೂ ನೀರು ಬಾರದು. ನರ ತುಂಡಾದರೆ ಎಲುಬು, ಸ್ನಾಯು, ಚರ್ಮ ಎಲ್ಲ ಸರಿಯಿದ್ದರೂ ಕೈ ಕೆಲಸ ಮಾಡದು. ಎಕ್ಸ್‌ರೇಯಲ್ಲಿ ಎಲುಬು ಕಾಣುತ್ತದೆಯೇ ಹೊರತು ನರ ಕಾಣುವುದಿಲ್ಲ ಎಂಬುದನ್ನೂ ಮರೆಯಬಾರದು.

ಕತ್ತಿನ ಭಾಗದ ಬೆನ್ನುಹುರಿಯಿಂದ ಐದು ಬೇರುಗಳಾಗಿ ಹೊರಡುವ ನರಗಳು ಕೊರಳು ಮತ್ತು ಕಂಕುಳಿನ ನಡುವೆ ಜಾಲದಂತೆ ಹೆಣೆದುಕೊಂಡು ಕೈಗೆ ಇಳಿಯುತ್ತವೆ. ಮೋಟರ್ ಸೈಕಲ್ಲಿನಿಂದ ಎಗರಿ ಬಿದ್ದವನ ತಲೆ ಒಂದು ಕಡೆಗೆ, ಭುಜ ಇನ್ನೊಂದು ಕಡೆಗೆ ಸೆಳೆಯಲ್ಪಟ್ಟಾಗ ಈ ಜಾಲ ಹಿಗ್ಗುತ್ತದೆ, ಹರಿಯುತ್ತದೆ. ಕೆಲವೊಮ್ಮೆ ಬೇರು ಸಮೇತ ಕಿತ್ತು ಬರುತ್ತದೆ. ಹೊರಗೆ ತರಚು ಗಾಯವೂ ಇಲ್ಲದೆ ಇಡೀ ಕೈ ಸೋತು ಹೋಗುವುದು ಹೀಗೆ.

ಮೂರು ನರ, ಮೂರು ಪರೀಕ್ಷೆ

ಕೈಯಲ್ಲಿ ಮುಖ್ಯವಾದ ನರಗಳು ಮೂರು. ಗಾಯಾಳು ಎಚ್ಚರವಾಗಿದ್ದು, ರಕ್ತ ನಿಂತಿದ್ದರೆ, ಕೈಯನ್ನು ಎಳೆದಾಡದೆ ಇವುಗಳನ್ನು ನೀವೇ ಸ್ಥೂಲವಾಗಿ ಪರೀಕ್ಷಿಸಬಹುದು.

ಮೊದಲನೆಯದು ರೇಡಿಯಲ್ ನರ. ತೋಳಿನ ಎಲುಬನ್ನು ಹಿಂದಿನಿಂದ ಸುತ್ತಿಕೊಂಡು ಬರುವುದರಿಂದ ಎಲುಬಿನ ಮಧ್ಯಭಾಗ ಮುರಿದಾಗ ಇದಕ್ಕೆ ಪೆಟ್ಟು. ಇಂಥ ಮುರಿತವಾದ ನೂರು ಜನರಲ್ಲಿ ಸುಮಾರು ಹನ್ನೆರಡು ಜನರಿಗೆ ಈ ನರ ಕೈಕೊಡುತ್ತದೆ. ‘ನಿಲ್ಲು’ ಎಂದು ಸನ್ನೆ ಮಾಡುವಂತೆ ಮಣಿಕಟ್ಟನ್ನು ಮೇಲೆತ್ತಲು ಹೇಳಿ. ಹೆಬ್ಬೆರಳು, ತೋರುಬೆರಳುಗಳ ನಡುವಿನ ಹಿಂಬದಿಯ ಚರ್ಮವನ್ನು ಮುಟ್ಟಿ ಕೇಳಿ.

ಎರಡನೆಯದು ಮೀಡಿಯನ್ ನರ. ಹೆಬ್ಬೆರಳಿನ ತುದಿಗೆ ತೋರುಬೆರಳಿನ ತುದಿ ಸೇರಿಸಿ ದುಂಡನೆಯ ಉಂಗುರ ಮಾಡಲು ಹೇಳಿ. ತೋರುಬೆರಳಿನ ತುದಿಯಲ್ಲಿ ಸ್ಪರ್ಶವಿದೆಯೇ ನೋಡಿ.

ಮೂರನೆಯದು ಅಲ್ನಾರ್ ನರ. ಬೆರಳುಗಳನ್ನು ಬೀಸಣಿಗೆಯಂತೆ ಅಗಲಿಸಿ ಮತ್ತೆ ಕೂಡಿಸಲು ಹೇಳಿ. ಕಿರುಬೆರಳಿನ ತುದಿ ಮುಟ್ಟಿ ಕೇಳಿ.

ಮುಟ್ಟಲು ಹತ್ತಿಯ ತುಣುಕು ಸಾಕು. ಎರಡೂ ಕೈಗಳನ್ನು ಹೋಲಿಸಿ ನೋಡಿ. ಕಂಡದ್ದನ್ನು ಚೀಟಿಯಲ್ಲಿ ಬರೆದು ವೈದ್ಯರಿಗೆ ತಿಳಿಸಿ. ಶಸ್ತ್ರಚಿಕಿತ್ಸೆಗೆ ಮುಂಚೆಯೇ ಬೆರಳು ಆಡುತ್ತಿರಲಿಲ್ಲವೇ, ಆಮೇಲೆ ನಿಂತಿತೇ ಎಂಬುದು ಮುಂದಿನ ಚಿಕಿತ್ಸೆಯನ್ನೇ ಬದಲಿಸಬಲ್ಲ ಮಾಹಿತಿ.

ಪೆಟ್ಟಿನಲ್ಲೂ ದರ್ಜೆಗಳಿವೆ

ಎರಡನೆಯ ಮಹಾಯುದ್ಧದ ಕಾಲದಲ್ಲಿ ನರದ ಗಾಯಗಳನ್ನು ಅಭ್ಯಾಸ ಮಾಡಿದ ಬ್ರಿಟಿಷ್ ಶಸ್ತ್ರವೈದ್ಯ ಹರ್ಬರ್ಟ್ ಸೆಡನ್ 1943ರಲ್ಲಿ ಅವುಗಳನ್ನು ಮೂರು ದರ್ಜೆಗಳಾಗಿ ವಿಂಗಡಿಸಿದ. ಮೊದಲ ದರ್ಜೆಯಲ್ಲಿ ತಂತುಗಳು ತುಂಡಾಗಿಲ್ಲ. ಆಘಾತದಿಂದ ಸಂದೇಶ ಮಾತ್ರ ನಿಂತಿದೆ. ಕೆಲವು ವಾರಗಳಲ್ಲಿ, ಹೆಚ್ಚೆಂದರೆ ಮೂರು ತಿಂಗಳಲ್ಲಿ ತಾನಾಗಿ ಸರಿಹೋಗುತ್ತದೆ. ಎರಡನೆಯದರಲ್ಲಿ ಒಳಗಿನ ತಂತುಗಳು ತುಂಡಾಗಿವೆ, ಹೊರಗಿನ ಕವಚ ಉಳಿದಿದೆ. ತಂತುಗಳು ಅದೇ ದಾರಿಯಲ್ಲಿ ಮತ್ತೆ ಬೆಳೆಯಬಲ್ಲವು. ಮೂರನೆಯದರಲ್ಲಿ ನರ ಪೂರ್ತಿ ತುಂಡು. ಇದು ಶಸ್ತ್ರಚಿಕಿತ್ಸೆಯಿಲ್ಲದೆ ಕೂಡದು. ಯಂತ್ರಕ್ಕೆ ಸಿಕ್ಕಿ ಜಜ್ಜಿದ ಕೈಯಲ್ಲಿ ಈ ಮೂರೂ ದರ್ಜೆಗಳು ಒಟ್ಟಿಗೆ ಇರಬಹುದು.

ದಿನಕ್ಕೆ ಒಂದು ಮಿಲಿಮೀಟರ್

ನರ ತುಂಡಾದಾಗ, ಗಾಯದಿಂದ ಬೆರಳಿನ ಕಡೆಗಿರುವ ತಂತುಗಳು ಕೆಲ ದಿನಗಳಲ್ಲಿ ನಶಿಸುತ್ತವೆ. ಹೊಸ ತಂತು ಕುಳೆ ಕಬ್ಬಿನಂತೆ ಬುಡದ ಕಡೆಯಿಂದಲೇ ಚಿಗುರಿ ಬರಬೇಕು. ಅದು ಬೆಳೆಯುವ ವೇಗ ದಿನಕ್ಕೆ ಸುಮಾರು ಒಂದು ಮಿಲಿಮೀಟರ್, ಅಂದರೆ ತಿಂಗಳಿಗೆ ಒಂದು ಅಂಗುಲ.

ಈಗ ಲೆಕ್ಕ ಹಾಕಿ. ತೋಳಿನ ನಡುವಿನಿಂದ ಮಣಿಕಟ್ಟಿಗೆ 40 ಸೆಂಟಿಮೀಟರ್ ಇದ್ದರೆ ಅದು 400 ಮಿಲಿಮೀಟರ್, ಅಂದರೆ 400 ದಿನ. ಇತ್ತ ಆಜ್ಞೆ ಬಾರದ ಸ್ನಾಯು ದಿನದಿಂದ ದಿನಕ್ಕೆ ಸೊರಗುತ್ತದೆ. ಒಂದು ವರ್ಷದಿಂದ ಒಂದೂವರೆ ವರ್ಷ ಕಳೆದ ಮೇಲೆ ನರ ಬಂದು ತಲುಪಿದರೂ ಸ್ನಾಯು ಸಾಮಾನ್ಯವಾಗಿ ಎಚ್ಚರಗೊಳ್ಳುವುದಿಲ್ಲ. ‘ನೋಡೋಣ, ಎಣ್ಣೆ ತಿಕ್ಕೋಣ’ ಎಂದು ಆರು ತಿಂಗಳು ಕಳೆದವರು ಕಳೆದುಕೊಳ್ಳುವುದು ಈ ಓಟದ ಆರು ತಿಂಗಳನ್ನು. ಮಕ್ಕಳಲ್ಲಿ ಫಲಿತಾಂಶ ದೊಡ್ಡವರಿಗಿಂತ ಉತ್ತಮ.

1962ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ರೈಲಿಗೆ ಸಿಕ್ಕು ಪೂರ್ತಿ ಕಡಿದುಹೋದ 12 ವರ್ಷದ ಹುಡುಗನ ತೋಳನ್ನು ವೈದ್ಯರು ಮರುಜೋಡಿಸಿದರು. ಜಗತ್ತಿನಲ್ಲೇ ಯಶಸ್ವಿಯಾದ ಮೊದಲ ಪ್ರಯತ್ನವದು. ರಕ್ತನಾಳ ಕೂಡಿಸಿದೊಡನೆ ತೋಳಿಗೆ ಬಣ್ಣ ಮರಳಿತು. ಆದರೆ ನರಗಳನ್ನು ಜೋಡಿಸಿದ್ದು ಕೆಲ ತಿಂಗಳ ನಂತರದ ಇನ್ನೊಂದು ಶಸ್ತ್ರಚಿಕಿತ್ಸೆಯಲ್ಲಿ. ಕೈಗೆ ಜೀವ ಬಂದ ಮೇಲೂ ಅದು ಕೆಲಸಕ್ಕೆ ಬರಲು ನರದ ದಾರಿ ಕಾಯಬೇಕಾಯಿತು.

ಅಪಘಾತದ ಹೊತ್ತಿನಲ್ಲಿ

ಯಂತ್ರಕ್ಕೆ ಕೈ ಸಿಕ್ಕಿದಾಗ ಮೊದಲು ವಿದ್ಯುತ್ ಅಥವಾ ಎಂಜಿನ್ ನಿಲ್ಲಿಸಿ. ಕೈಯನ್ನು ಜಗ್ಗಬೇಡಿ, ಜಗ್ಗಿದರೆ ಉಳಿದ ನರವೂ ಹರಿಯಬಹುದು. ಯಂತ್ರದ ಭಾಗಗಳನ್ನು ಬಿಚ್ಚಿಸಿ ಕೈ ಹೊರತೆಗೆಯಿರಿ.

ರಕ್ತ ಸುರಿಯುತ್ತಿದ್ದರೆ ಶುಭ್ರ ಬಟ್ಟೆಯಿಂದ ಗಾಯದ ಮೇಲೆ ಬಲವಾಗಿ ಒತ್ತಿ ಹಿಡಿಯಿರಿ. ವಾಯರ್, ಹುರಿ, ಲಾಡಿಗಳಿಂದ ಬಿಗಿಯಬೇಡಿ. ಅವು ನರವನ್ನು ಕೊಯ್ದಂತೆ ಒತ್ತುತ್ತವೆ. ಒತ್ತಿ ಹಿಡಿದರೂ ನಿಲ್ಲದೆ ಪ್ರಾಣಕ್ಕೇ ಅಪಾಯವಿದ್ದಾಗ ಮಾತ್ರ, ಮೂರು ಬೆರಳಗಲದ ಪಟ್ಟಿಯನ್ನು ಗಾಯದ ಮೇಲ್ಭಾಗದಲ್ಲಿ ಬಿಗಿದು, ಕಟ್ಟಿದ ವೇಳೆಯನ್ನು ಬರೆದಿಡಿ. ಅರಿಸಿನ, ಸುಣ್ಣ, ಕಾಫಿ ಪುಡಿ, ತಂಬಾಕು ಯಾವುದನ್ನೂ ಗಾಯಕ್ಕೆ ಮೆತ್ತಬೇಡಿ. ಉಂಗುರ, ಬಳೆ, ಕೈಗಡಿಯಾರ ತೆಗೆಯಿರಿ. ಕೈ ಅಲುಗದಂತೆ ಹಲಗೆ ತುಂಡಿನ ಆಧಾರ ಕೊಡಿ. ಅರಿವಳಿಕೆ ಬೇಕಾಗಬಹುದಾದ್ದರಿಂದ ತಿನ್ನಲು, ಕುಡಿಯಲು ಕೊಡಬೇಡಿ.

ಅಂಗ ಕಡಿದು ಬೇರೆಯಾಗಿದ್ದರೆ ಅದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿಟ್ಟು ಬಾಯಿ ಕಟ್ಟಿ, ಆ ಚೀಲವನ್ನು ಮಂಜುಗಡ್ಡೆಯ ಡಬ್ಬಿಯಲ್ಲಿಡಿ. ಮಂಜುಗಡ್ಡೆ ನೇರವಾಗಿ ಅಂಗಕ್ಕೆ ತಾಗಬಾರದು. ತೋಳಿನಂಥ ಸ್ನಾಯು ತುಂಬಿದ ಭಾಗಕ್ಕೆ ಸುಮಾರು ಆರು ಗಂಟೆಯೊಳಗೆ ರಕ್ತ ಮರಳಬೇಕು. 108ಕ್ಕೆ ಕರೆ ಮಾಡಿ. ಶೇಡಬಾಳದ ಸುತ್ತಿನವರಿಗೆ ಮಿರಜ ಹತ್ತಿರ. ಬೆಳಗಾವಿ ದೂರವಾದರೂ ಅಲ್ಲಿಯೂ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಿವೆ. ಹೊರಡುವ ಮುನ್ನ ಫೋನ್ ಮಾಡಿ, ರಕ್ತನಾಳ ಮತ್ತು ನರ ಜೋಡಿಸುವ ಶಸ್ತ್ರವೈದ್ಯರು ಇದ್ದಾರೆಯೇ ಎಂದು ವಿಚಾರಿಸಿದರೆ ಅಲೆದಾಟ ತಪ್ಪುತ್ತದೆ.

ಬಿಗಿದ ಕಟ್ಟಿನ ಅಪಾಯ

ಮುರಿದ ಕೈಯನ್ನು ಬಿದಿರಿನ ದಬ್ಬೆಯಿಟ್ಟು ಬಿಗಿಯಾಗಿ ಕಟ್ಟಿಸುವ ರೂಢಿ ನಮ್ಮಲ್ಲಿ ಇನ್ನೂ ಇದೆ. ಮುರಿತವಾದ ಮೇಲೆ ಕೈ ಊದುತ್ತದೆ, ಕಟ್ಟು ಸಡಿಲಾಗುವುದಿಲ್ಲ. ಒಳಗಿನ ಒತ್ತಡ ಏರಿ ಸ್ನಾಯು, ನರಗಳಿಗೆ ರಕ್ತ ನಿಲ್ಲುತ್ತದೆ. ಕೆಲವೇ ಗಂಟೆಗಳಲ್ಲಿ ಆಗುವ ಈ ಹಾನಿ ಕೈಯನ್ನು ಶಾಶ್ವತವಾಗಿ ಕೊಕ್ಕೆಯಂತೆ ಮಡಚಬಲ್ಲದು. ಜರ್ಮನಿಯ ವೈದ್ಯ ಫೋಕ್‌ಮನ್ 1881ರಲ್ಲೇ ಇದನ್ನು ವಿವರಿಸಿದ್ದ. ಪ್ಲಾಸ್ಟರಿನಿಂದಲೂ ಹೀಗಾಗಬಹುದು. ಔಷಧಿಗೂ ಜಗ್ಗದೆ ಏರುವ ನೋವು, ಬೆರಳು ನೀಡಿಸಿದರೆ ಚೀರುವಂಥ ಯಾತನೆ, ಜುಮುಗುಟ್ಟುವಿಕೆ, ಬೆರಳು ಬಿಳಿಚುವುದು ಕಂಡರೆ ಬೆಳಗಾಗುವುದನ್ನು ಕಾಯಬೇಡಿ. ಕಟ್ಟು ಪೂರ್ತಿ ಬಿಚ್ಚಿಸಿ, ಆಗಲೇ ಆಸ್ಪತ್ರೆಗೆ ಹೋಗಿ.

ಚಿಕಿತ್ಸೆ ಏನು?

ಕುಡುಗೋಲು, ಗಾಜಿನಂಥ ಹರಿತ ವಸ್ತುವಿನಿಂದ ತುಂಡಾದ ನರವನ್ನು ಮೊದಲ ಕೆಲ ದಿನಗಳಲ್ಲೇ ಸೂಕ್ಷ್ಮದರ್ಶಕದ ಕೆಳಗೆ ಕೂದಲಿಗಿಂತ ತೆಳುವಾದ ದಾರದಿಂದ ಹೊಲಿಯುತ್ತಾರೆ. ಜಜ್ಜಿದ ಗಾಯದಲ್ಲಿ ಎಲ್ಲಿಯವರೆಗೆ ನರ ಕೆಟ್ಟಿದೆಯೆಂದು ಮೊದಲ ದಿನ ತಿಳಿಯದು. ಆದ್ದರಿಂದ ತುದಿಗಳನ್ನು ಗುರುತಿಸಿಟ್ಟು ಕೆಲ ವಾರಗಳ ನಂತರ ಜೋಡಿಸುವುದುಂಟು. ನಡುವೆ ಅಂತರ ಉಳಿದರೆ ಕಾಲಿನ ಮೀನಖಂಡದಿಂದ ನರದ ತುಂಡು ತೆಗೆದು ಕಸಿ ಮಾಡುತ್ತಾರೆ. ಪಾದದ ಹೊರಬದಿಯಲ್ಲಿ ಸ್ವಲ್ಪ ಭಾಗ ಜೋಮು ಹಿಡಿಯುತ್ತದೆ, ಅಷ್ಟೆ.

ಗಾಯವಿಲ್ಲದ ಮುರಿತದೊಂದಿಗೆ ಆದ ರೇಡಿಯಲ್ ನರದ ತೊಂದರೆ ಬಹುಪಾಲು ತಾನಾಗಿ ಗುಣವಾಗುತ್ತದೆ. ಆದರೆ ಕಾಯುವುದೆಂದರೆ ಮರೆಯುವುದಲ್ಲ, ತಿಂಗಳಿಗೊಮ್ಮೆ ತೋರಿಸಬೇಕು. ಸುಮಾರು ಮೂರು ವಾರಗಳ ನಂತರ ನರ, ಸ್ನಾಯುಗಳ ವಿದ್ಯುತ್ ಪರೀಕ್ಷೆ ಮಾಡಿಸಬಹುದು. ಮೂರು ನಾಲ್ಕು ತಿಂಗಳಾದರೂ ಚೇತರಿಕೆಯ ಸುಳಿವಿಲ್ಲದಿದ್ದರೆ ಶಸ್ತ್ರಚಿಕಿತ್ಸೆಯ ವಿಚಾರ ಮಾಡಬೇಕು. ಭುಜದ ನರಜಾಲ ಹರಿದವರು ಮೂರರಿಂದ ಆರು ತಿಂಗಳೊಳಗೆ ತಜ್ಞರ ಕೈಸೇರಿರಬೇಕು. ಕೆಲಸ ಮಾಡುವ ನರದ ಒಂದೆಳೆಯನ್ನು ಸತ್ತ ನರಕ್ಕೆ ಜೋಡಿಸಿ ಮೊಣಕೈ ಮಡಚುವ ಶಕ್ತಿ ತರುವ ವಿಧಾನವನ್ನು ಫ್ರಾನ್ಸಿನ ಓಬರ್ಲಿನ್ 1994ರಲ್ಲಿ ಪ್ರಕಟಿಸಿದ. ಇಂದು ಅದು ಭಾರತದಲ್ಲೂ ನಡೆಯುತ್ತದೆ.

ತಡವಾಗಿ ಬಂದವರಿಗೆ ದಾರಿಯೇ ಇಲ್ಲವೆಂದಲ್ಲ. ಒಳ್ಳೆಯ ಸ್ನಾಯುವೊಂದರ ರಜ್ಜುವನ್ನು ಸರಿಸಿ, ಸೋತ ಸ್ನಾಯುವಿನ ಕೆಲಸಕ್ಕೆ ಹಚ್ಚಬಹುದು. ವೆಲ್ಲೂರಿನಲ್ಲಿ ಡಾ. ಪಾಲ್ ಬ್ರ್ಯಾಂಡ್ ಕುಷ್ಠದಿಂದ ನರ ಸತ್ತು ಮುರುಟಿದ ಕೈಗಳನ್ನು ಹೀಗೆಯೇ ಮತ್ತೆ ದುಡಿಯುವಂತೆ ಮಾಡಿದ್ದರು.

ಕಾಯುವ ತಿಂಗಳುಗಳಲ್ಲಿ

ನರ ಬರುವವರೆಗೆ ಕೀಲುಗಳು ಬಿಗಿಯದಂತೆ ಕಾಯುವುದು ಮನೆಯವರ ಕೆಲಸ. ಫಿಸಿಯೋಥೆರಪಿ ತಜ್ಞರು ಕಲಿಸಿದಂತೆ ದಿನವೂ ಪ್ರತಿ ಬೆರಳನ್ನೂ ಮೆಲ್ಲಗೆ ಮಡಚಿ ನೀಡಿಸಿ. ಜೋತ ಮಣಿಕಟ್ಟಿಗೆ ಆಧಾರದ ಪಟ್ಟಿ ಇರಲಿ. ಜೋಮು ಹಿಡಿದ ಕೈಗೆ ಸುಟ್ಟದ್ದು ತಿಳಿಯುವುದಿಲ್ಲ. ರೊಟ್ಟಿಯ ಹಂಚು, ಬಿಸಿ ಚಹಾ, ಬೀಡಿಯ ಕಿಡಿಗಳಿಂದ ದೂರವಿಡಿ. ದಿನಕ್ಕೊಮ್ಮೆ ಕಣ್ಣಿನಿಂದ ನೋಡಿ ಪರೀಕ್ಷಿಸಿ. ಉರಿಯುವಂಥ ನರದ ನೋವಿಗೆ ಬೇರೆಯೇ ಔಷಧಿಗಳಿವೆ; ಅಂಗಡಿಯ ಗುಳಿಗೆ ನುಂಗುತ್ತ ಕೂರದೆ ವೈದ್ಯರಿಗೆ ಹೇಳಿ.

ನರದ ಜಾಡಿನ ಮೇಲೆ ಬೆರಳಿನಿಂದ ಮೆಲ್ಲಗೆ ತಟ್ಟಿದಾಗ ಎಲ್ಲಿ ಜುಮ್ಮೆನ್ನುತ್ತದೆಯೋ ಅಲ್ಲಿಯವರೆಗೆ ತಂತು ಬಂದಿದೆ ಎನ್ನಬಹುದು. ಈ ಗುರುತನ್ನು ಫ್ರಾನ್ಸಿನ ಟಿನೆಲ್ 1915ರಲ್ಲಿ ತೋರಿಸಿಕೊಟ್ಟ. ವೈದ್ಯರು ತಟ್ಟಿ ತೋರಿಸಿದ ಜಾಗವನ್ನು ದಿನಾಂಕ ಸಹಿತ ಬರೆದಿಡಿ. ತಿಂಗಳಿಗೊಂದು ಅಂಗುಲ ಅದು ಮುಂದೆ ಸರಿಯುತ್ತಿದ್ದರೆ ಧೈರ್ಯದಿಂದಿರಿ. ಒಂದೇ ಕಡೆ ನಿಂತಿದ್ದರೆ ತಡಮಾಡದೆ ತಜ್ಞರಲ್ಲಿಗೆ ಹೋಗಿ.

ನೆನಪಿಡಿ

* ಕೈಗೆ ದೊಡ್ಡ ಪೆಟ್ಟಾದ ಮೊದಲ ದಿನವೇ ‘ನರ ಹೇಗಿದೆ?’ ಎಂದು ಕೇಳಿ, ಉತ್ತರವನ್ನು ಬರೆಸಿಕೊಳ್ಳಿ.
* ಎಲುಬು ಕೂಡಿದ ಮಾತ್ರಕ್ಕೆ ಕೈ ಗುಣವಾಯಿತೆಂದು ತಿಳಿಯಬೇಡಿ.
* ಮೂರು ತಿಂಗಳಲ್ಲಿ ಚೇತರಿಕೆಯ ಚಿಹ್ನೆ ಕಾಣದಿದ್ದರೆ ನರ ಜೋಡಿಸುವ ತಜ್ಞರನ್ನು ಕಾಣಿ.
* ಮೇವಿನ ಯಂತ್ರದ ಬಾಯಿಗೆ ರಕ್ಷಣೆಯ ತಗಡು ಹಾಕಿಸಿ; ಸಡಿಲು ತೋಳಿನ ಅಂಗಿ, ಇಳಿಬಿದ್ದ ಸೆರಗಿನೊಂದಿಗೆ ಅದರ ಮುಂದೆ ನಿಲ್ಲಬೇಡಿ, ಮಕ್ಕಳನ್ನು ಹತ್ತಿರ ಬಿಡಬೇಡಿ.