ಕ್ರೈಸ್ತ ಸಿದ್ದಿಗಳ ಶ್ರದ್ಧೆಯೂ ಸಂಕಟಕಾಲದ ಶಾಂತಿಯೂ

ಸಂಕಟ ಬಂದಾಗ ವೆಂಕಟರಮಣ ಎಂಬ ಗಾದೆಯನ್ನು ನಾವೆಲ್ಲರೂ ಕೇಳಿದ್ದೇವೆ. ಸುಖದಲ್ಲಿ ದೇವರನ್ನು ಮರೆತು ಕಷ್ಟದಲ್ಲಿ ಮಾತ್ರ ನೆನೆಯುವವನನ್ನು ಕುರಿತು ಈ ಗಾದೆ ನಗುತ್ತದೆ. ಆದರೆ ಸಂಕಟವೆಂಬುದು ಎಂದೋ ಒಮ್ಮೆ ಬಂದು ಹೋಗುವ ನೆಂಟನಾಗಿರದೆ, ತಲೆತಲಾಂತರದಿಂದ ಮನೆಯಲ್ಲಿಯೇ ನೆಲೆಸಿದ್ದರೆ ಅಂತಹ ಜನರ ದೈವಶ್ರದ್ಧೆ ಯಾವ ಬಗೆಯದಾಗಿರುತ್ತದೆ? ಈ ಪ್ರಶ್ನೆಗೆ ಉತ್ತರವನ್ನು ಹುಡುಕಲು ನಾವು ದೂರ ಹೋಗಬೇಕಾಗಿಲ್ಲ. ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡ ಸೀಮೆಗಳ ಕಾಡಂಚಿನ ಊರುಗಳಲ್ಲಿ ಬಾಳುತ್ತಿರುವ ಸಿದ್ದಿ ಜನರ ಕಡೆಗೆ ಕಣ್ಣು ಹಾಯಿಸಿದರೆ ಸಾಕು.

ಸಿದ್ದಿಗಳ ಪೂರ್ವಜರು ಆಫ್ರಿಕ ಖಂಡದವರೆಂಬುದು ಸರ್ವವಿದಿತ. ಅವರಲ್ಲಿ ಅನೇಕರನ್ನು ಪೋರ್ಚುಗೀಸರು ಪೂರ್ವ ಆಫ್ರಿಕದಿಂದ ಹಡಗುಗಳಲ್ಲಿ ತುಂಬಿ ಗೋವೆಗೆ ತಂದು ಮಾರಿದರು. 1510ರಲ್ಲಿ ಗೋವೆಯು ಪೋರ್ಚುಗೀಸರ ವಶವಾದ ಮೇಲೆ ಈ ವ್ಯಾಪಾರವು ಶತಮಾನಗಳ ಕಾಲ ನಡೆಯಿತು. ಪೋರ್ಚುಗಲ್ ತನ್ನ ವಸಾಹತುಗಳಲ್ಲಿ ಗುಲಾಮಗಿರಿಯನ್ನು ರದ್ದುಪಡಿಸುವ ಆಜ್ಞೆಯನ್ನು ಹೊರಡಿಸಿದ್ದು 1869ರಲ್ಲಿ. ಅಷ್ಟರೊಳಗೆ ಎಷ್ಟೋ ಮಂದಿ ಒಡೆಯರ ಮನೆಗಳಿಂದ ತಪ್ಪಿಸಿಕೊಂಡು, ಸಹ್ಯಾದ್ರಿಯ ಘಟ್ಟಗಳನ್ನು ಹತ್ತಿ, ಉತ್ತರ ಕನ್ನಡದ ದಟ್ಟ ಅರಣ್ಯಗಳಲ್ಲಿ ಅಡಗಿ ಬದುಕಿದರು. ಇಂದು ಅವರ ಸಂತತಿಯಲ್ಲಿ ಹಿಂದೂಗಳೂ ಮುಸಲ್ಮಾನರೂ ಕ್ರೈಸ್ತರೂ ಇದ್ದಾರೆ. ಯಲ್ಲಾಪುರ, ಅಂಕೋಲೆಗಳ ಕಡೆಗೆ ಹಿಂದೂ ಸಿದ್ದಿಗಳು ಹೆಚ್ಚು. ಹಳಿಯಾಳದ ಭಾಗದಲ್ಲಿ ಕೊಂಕಣಿಯಾಡುವ ಕೆಥೋಲಿಕ ಸಿದ್ದಿಗಳು ಹೆಚ್ಚು.

ಇಲ್ಲಿಯೇ ಒಂದು ಕಠಿಣವಾದ ಪ್ರಶ್ನೆ ಹುಟ್ಟುತ್ತದೆ. ಗುಲಾಮನಿಗೆ ದೀಕ್ಷಾಸ್ನಾನವನ್ನು ಕೊಡಿಸಿದವನು ಅವನನ್ನು ಹಣ ಕೊಟ್ಟು ಕೊಂಡ ಒಡೆಯನೇ. ಸಂಕೋಲೆಯನ್ನು ತೊಡಿಸಿದ ಕೈಯೇ ಕೊರಳಿಗೆ ಶಿಲುಬೆಯನ್ನೂ ತೊಡಿಸಿತು. ಹಾಗಿರಲು, ಒಡೆಯನನ್ನು ತೊರೆದು ಓಡಿಬಂದವನು ಒಡೆಯನ ಧರ್ಮವನ್ನೇಕೆ ದಾರಿಯಲ್ಲಿ ಎಸೆದುಬರಲಿಲ್ಲ? ಕಾಡಿನಲ್ಲಿ ಅವನನ್ನು ಕೇಳುವವರು ಯಾರೂ ಇರಲಿಲ್ಲವಲ್ಲ! ಎಸೆದವರೂ ಇದ್ದಿರಬಹುದು. ಆದರೆ ಅನೇಕರು ಅದನ್ನು ಜತನದಿಂದ ಕಾಪಾಡಿಕೊಂಡರು.

ಇದರ ಕಾರಣವನ್ನು ಕ್ರೈಸ್ತಧರ್ಮದ ಮೂಲಕಥೆಗಳಲ್ಲಿಯೇ ಹುಡುಕಬೇಕೆಂದು ನನಗೆ ತೋರುತ್ತದೆ. ಬೈಬಲ್ಲಿನ ವಿಮೋಚನಕಾಂಡವು ಐಗುಪ್ತದೇಶದಲ್ಲಿ ಇಟ್ಟಿಗೆ ಮಾಡುತ್ತಿದ್ದ ಗುಲಾಮರ ಗೋಳನ್ನು ದೇವರು ಆಲಿಸಿದ ಕಥೆ. ಅಲ್ಲಿ ದೇವರು ಅರಸನ ಪಕ್ಷವನ್ನು ಹಿಡಿಯುವುದಿಲ್ಲ, ಜೀತದವರ ಪಕ್ಷವನ್ನು ಹಿಡಿಯುತ್ತಾನೆ. ಯೇಸುಕ್ರಿಸ್ತನು ಮರಣವನ್ನಪ್ಪಿದ ಶಿಲುಬೆಯಾದರೂ ರೋಮನರು ಗುಲಾಮರಿಗೂ ದಂಗೆಕೋರರಿಗೂ ವಿಧಿಸುತ್ತಿದ್ದ ಶಿಕ್ಷೆ. ಆ ಶಿಲುಬೆಯ ಮೇಲೆ ಅವನು ತನ್ನ ದೇವರೇ ತನ್ನನ್ನು ಕೈಬಿಟ್ಟನೇಕೆಂದು ಗಟ್ಟಿಯಾಗಿ ಕೇಳಿದನೆಂದು ಸುವಾರ್ತೆಗಳು ಹೇಳುತ್ತವೆ. ಸಂತ ಪೌಲನು ಫಿಲಿಪ್ಪಿಯ ಜನರಿಗೆ ಸಂತೋಷದಿಂದಿರಿ ಎಂದು ಮತ್ತೆ ಮತ್ತೆ ಬರೆದದ್ದು ಸೆರೆಮನೆಯಲ್ಲಿದ್ದುಕೊಂಡು. ಒಡೆಯನು ಈ ಕಥೆಗಳನ್ನು ವಿಧೇಯತೆಯನ್ನು ಕಲಿಸಲೆಂದು ಹೇಳಿಕೊಟ್ಟಿರಬಹುದು. ಕೇಳಿದವನು ಅವುಗಳಲ್ಲಿ ತನ್ನದೇ ಬಾಳನ್ನು ಕಂಡನು. ಒಡೆಯನ ಬಾಯಿಂದ ಬಂದ ಮಾತು ನೊಂದವನ ಎದೆಯನ್ನು ಸೇರಿದಾಗ ಬೇರೆಯೇ ಅರ್ಥವನ್ನು ಪಡೆಯಿತು.

ಅಮೆರಿಕದ ನೀಗ್ರೋ ಗುಲಾಮರ ಚರಿತ್ರೆಯೂ ಇದೇ ಮಾತಿಗೆ ಸಾಕ್ಷಿಯಾಗಿದೆ. ಹತ್ತಿಯ ಹೊಲಗಳಲ್ಲಿ ದುಡಿಯುತ್ತ ಅವರು ಕಟ್ಟಿದ ಭಕ್ತಿಗೀತೆಗಳನ್ನು ಫಿಸ್ಕ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳ ತಂಡವೊಂದು 1871ರಿಂದ ಊರೂರಿಗೆ ಹಾಡುತ್ತ ಹೋಗಿ ಲೋಕಪ್ರಸಿದ್ಧಗೊಳಿಸಿತು. ಸ್ವತಃ ಗುಲಾಮನಾಗಿದ್ದು ತಪ್ಪಿಸಿಕೊಂಡು ಬಂದ ಫ್ರೆಡರಿಕ್ ಡಗ್ಲಸ್ 1845ರಲ್ಲಿ ತನ್ನ ಜೀವನಚರಿತ್ರೆಯನ್ನು ಪ್ರಕಟಿಸಿದನು. ಗುಲಾಮರು ಸುಖವಾಗಿರುವುದರಿಂದ ಹಾಡುತ್ತಾರೆಂದು ತಿಳಿಯುವುದು ತಪ್ಪೆಂದೂ, ಆ ಹಾಡು ಅವರ ದುಃಖದ ಗುರುತೆಂದೂ ಅವನು ತಿಳಿಸಿದನು. ಗುಲಾಮರ ಒಡೆಯರ ಕ್ರೈಸ್ತಧರ್ಮ ಬೇರೆ, ಕ್ರಿಸ್ತನ ಧರ್ಮ ಬೇರೆ ಎಂದು ಸ್ಪಷ್ಟವಾಗಿ ವಿಂಗಡಿಸಿದನು. ನಮ್ಮ ಸಿದ್ದಿಗಳಲ್ಲಿ ಅಂತಹ ಗ್ರಂಥವನ್ನು ಬರೆದವರಿಲ್ಲ. ಆದರೆ ಅವರ ಬಾಳಿನಲ್ಲಿ ಆ ವಿಂಗಡಣೆ ಇದೆ.

ಅದನ್ನು ಕಾಣಬೇಕಾದರೆ ಅವರ ಹೆಣ್ಣುಮಕ್ಕಳು ಹೊಲಿಯುವ ಕೌದಿಯನ್ನು ನೋಡಬೇಕು. ಅವರು ಅದನ್ನು ಕವಂದಿ ಎನ್ನುತ್ತಾರೆ. ಹರಿದ ಸೀರೆ, ಹಳೆಯ ಅಂಗಿ, ಮಕ್ಕಳ ಲಂಗ, ಹೀಗೆ ಬಿಸಾಡಬೇಕಾದ ಬಟ್ಟೆಗಳನ್ನು ತುಂಡುಮಾಡಿ, ಅಂಚಿನಿಂದ ಹೊಲಿಯುತ್ತ ಸುತ್ತಿ ಸುತ್ತಿ ನಡುವಿಗೆ ಬರುತ್ತಾರೆ. ಕೊನೆಗೆ ನಾಲ್ಕು ಮೂಲೆಗಳಲ್ಲಿ ಫೂಲ, ಅಂದರೆ ಹೂವು, ಎಂಬ ಪುಟ್ಟ ತ್ರಿಕೋನಗಳನ್ನು ಕೂಡಿಸುತ್ತಾರೆ. ಹೂವಿಲ್ಲದಿದ್ದರೆ ಕೌದಿ ಬತ್ತಲೆಯೆಂದು ಅವರ ಭಾವನೆ. ಕ್ರೈಸ್ತರ ಮನೆಗಳ ಕೌದಿಗಳಲ್ಲಿ ಶಿಲುಬೆಯ ಗುರುತೂ ಇರುತ್ತದೆ. ಅದನ್ನು ಹಾಕೆಂದು ಆಜ್ಞಾಪಿಸುವ ಒಡೆಯನು ಈಗ ಇಲ್ಲ. ಮಳೆಗಾಲದ ಚಳಿಯಲ್ಲಿ ಮಗುವಿಗೆ ಹೊದಿಸುವ ಬಟ್ಟೆಯ ಮೇಲೆ ತಾಯಿ ತಾನಾಗಿ ಅದನ್ನು ಹೊಲಿಯುತ್ತಾಳೆ. ಧರ್ಮವು ಅವಳ ಸ್ವಂತದ್ದಾಗಿದೆ ಎಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಕೆ?

ಶ್ರದ್ಧೆಯು ಕೊಡುವ ಶಾಂತಿಯೆಂದರೆ ಏನು ಎಂಬುದನ್ನು ಪುಸ್ತಕಗಳಿಗಿಂತ ಮೊದಲು ನನಗೆ ತಿಳಿಸಿದವರೂ ಇದೇ ಜನ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲನ್ನು ಹತ್ತಿದವರಲ್ಲಿ ನಾನೇ ಮೊದಲಿಗನು. ನಾನು ಹೈಸ್ಕೂಲಿನಲ್ಲಿದ್ದಾಗ ತಂದೆ ತೀರಿಕೊಂಡರು. ಸಾಲ ಉಳಿದಿತ್ತು, ಭತ್ತದ ನಾಟಿ ಅರ್ಧಕ್ಕೆ ನಿಂತಿತ್ತು. ನೆರೆಯ ಕೇರಿಯ ಸಿದ್ದಿ ಅಜ್ಜಿಯೊಬ್ಬಳು ಪ್ರತಿ ಸಂಜೆಯೂ ಬಂದು ಅವ್ವನ ಬಳಿ ಕುಳಿತು ಜಪಮಾಲೆಯನ್ನು ಎಣಿಸುತ್ತಿದ್ದಳು. ಎಲ್ಲಾ ಸರಿಹೋಗುತ್ತದೆ ಎಂದು ಅವಳು ಒಮ್ಮೆಯೂ ಹೇಳಲಿಲ್ಲ. ನಾಲ್ಕನೆಯ ದಿನ ಬೆಳಗ್ಗೆ ತನ್ನ ಮನೆಯ ಮೂವರನ್ನು ಕರೆದುಕೊಂಡು ಬಂದು ನಮ್ಮ ಗದ್ದೆಗೆ ಇಳಿದಳು. ಸಾಲವೇನೂ ತೀರಲಿಲ್ಲ. ಆದರೆ ಅವ್ವ ಆ ರಾತ್ರಿ ಊಟಮಾಡಿದಳು.

ಧರ್ಮವು ನೊಂದವರಿಗೆ ಮಂಪರನ್ನು ತರುವ ಅಫೀಮು ಎಂಬ ಆಕ್ಷೇಪಣೆಯನ್ನು ಅರ್ಥಶಾಸ್ತ್ರದ ತರಗತಿಯಲ್ಲಿ ನಾವು ಕೇಳಿದ್ದೇವೆ. ಇದನ್ನು ಹಗುರವಾಗಿ ತಳ್ಳಿಹಾಕಲಾಗದು. ಎಲ್ಲವೂ ದೇವರ ಚಿತ್ತವೆಂದು ಹೇಳಿ ಬಡವನನ್ನು ಸುಮ್ಮನಿರಿಸುವ ಬೋಧನೆ ಎಲ್ಲ ಮತಗಳಲ್ಲಿಯೂ ಉಂಟು. ಅಂತಹ ಶಾಂತಿ ಶಾಂತಿಯಲ್ಲ, ಬರಿಯ ಮೌನ. ಆದರೆ ಶ್ರದ್ಧೆಯು ಮನುಷ್ಯನನ್ನು ನಿಲ್ಲಿಸಿದೆಯೋ ನಡೆಸಿದೆಯೋ ಎಂಬುದನ್ನು ಅವನ ನಡತೆಯಿಂದ ಅಳೆಯಬೇಕು. ಮತಭೇದವನ್ನು ಮರೆತು ಸಿದ್ದಿಗಳು ಸಂಘಟಿತರಾಗಿ ದೀರ್ಘಕಾಲ ಒತ್ತಾಯಿಸಿದ ಫಲವಾಗಿ, 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿದರು. 2006ರ ಅರಣ್ಯ ಹಕ್ಕು ಕಾಯಿದೆಯ ಪ್ರಕಾರ ತಾವು ಉಳುವ ಭೂಮಿಗೆ ಹಕ್ಕುಪತ್ರವನ್ನು ಕೇಳುತ್ತಿದ್ದಾರೆ. ಭಾನುವಾರ ಪೂಜೆಯಲ್ಲಿ ಮೊಣಕಾಲೂರಿದವನೇ ಸೋಮವಾರ ಅರ್ಜಿಯನ್ನು ಹಿಡಿದು ಕಚೇರಿಯ ಬಾಗಿಲಲ್ಲಿ ನಿಲ್ಲುತ್ತಾನೆ. ಇವೆರಡಕ್ಕೂ ವಿರೋಧವಿಲ್ಲ. ನಾಳೆಯೆಂಬುದು ಇದೆ ಎಂದು ನಂಬದವನು ಅರ್ಜಿಯನ್ನಾದರೂ ಏಕೆ ಬರೆದಾನು?

ಈ ನೆಮ್ಮದಿ ಕ್ರೈಸ್ತರೊಬ್ಬರ ಸೊತ್ತೆಂದು ನಾನು ಹೇಳುತ್ತಿಲ್ಲ. ನಾಡನ್ನು ಕಳೆದುಕೊಂಡು ಬಂದ ಟಿಬೆಟಿನ ಜನ 1966ರಲ್ಲಿ ಮುಂಡಗೋಡದ ಬಳಿ ನೆಲೆನಿಂತರು. ಮನೆಗಳ ಜೊತೆಯಲ್ಲಿಯೇ ಬೌದ್ಧವಿಹಾರಗಳನ್ನೂ ಕಟ್ಟಿಕೊಂಡರು. 1980ರ ದಶಕದಲ್ಲಿ ಕಾಳಿನದಿಯ ಅಣೆಕಟ್ಟಿನ ಹಿನ್ನೀರಿನಲ್ಲಿ ಸೂಪಾ ಗ್ರಾಮವು ಮುಳುಗಿದಾಗ, ರಾಮನಗರಕ್ಕೆ ಬಂದು ನೆಲೆಸಿದವರಿಗೂ ಹೊಸ ನೆಲದಲ್ಲಿ ಬಾಳನ್ನು ಮೊದಲಿನಿಂದ ಕಟ್ಟಬೇಕಾಯಿತು. ಬೇರು ಕಿತ್ತುಬಂದವರು ಮತ್ತೆ ಬೇರೂರುವಾಗ ಶ್ರದ್ಧೆಯು ಮಣ್ಣಿನಂತೆ ಒದಗುತ್ತದೆ. ಆ ಮಣ್ಣು ಒಬ್ಬೊಬ್ಬರಿಗೆ ಒಂದೊಂದು ಬಣ್ಣದ್ದಾಗಿರಬಹುದು.

ಸಹಪಾಠಿಗಳೇ, ನಮ್ಮಲ್ಲಿ ಬಹುಮಂದಿ ಬಡತನದಿಂದಲೇ ಬಂದವರು. ಪರೀಕ್ಷೆಯ ಭಯ, ಕೆಲಸ ಸಿಕ್ಕೀತೋ ಇಲ್ಲವೋ ಎಂಬ ಚಿಂತೆ, ಮನೆಯ ತಾಪತ್ರಯ ಯಾರಿಗಿಲ್ಲ? ಸಿದ್ದಿಗಳ ಬಾಳಿನಿಂದ ನಾನು ಕಲಿತ ಪಾಠವಿಷ್ಟು: ಶಾಂತಿಯೆಂದರೆ ಕಷ್ಟವಿಲ್ಲದಿರುವುದಲ್ಲ, ಕಷ್ಟದಲ್ಲಿ ತಾನು ಒಂಟಿಯಲ್ಲವೆಂದು ಅರಿಯುವುದು. ನಿರೀಕ್ಷೆಯೆಂದರೆ ಕೈಕಟ್ಟಿ ಕಾಯುವುದಲ್ಲ. ಫಲವು ಕಾಣದಿದ್ದರೂ ಮಾಡಬೇಕಾದುದನ್ನು ಮಾಡುವುದು. ದೇವರನ್ನು ನಂಬುವವರು ಆ ಬಲವನ್ನು ದೇವರಿಂದ ಪಡೆಯಲಿ. ನಂಬದವರು ತಮ್ಮ ನೆರೆಯವರಿಂದ ಪಡೆಯಲಿ, ನೆರೆಯವರಿಗೆ ಕೊಡಲಿ. ನಮ್ಮ ತರಗತಿಯ ಬೆಂಚಿನಲ್ಲಿ ಸಿದ್ದಿ ಗೆಳೆಯನೊಬ್ಬನು ಕುಳಿತಿದ್ದರೆ, ಅವನ ಅಜ್ಜಿ ಹೇಳುವ ಕಥೆಯನ್ನು ಒಮ್ಮೆ ಕೇಳಿ. ಅದನ್ನು ಯಾವ ಪಠ್ಯಪುಸ್ತಕದಲ್ಲಿಯೂ ನಾನು ಓದಿಲ್ಲ.