ಹಳೇ ಪತ್ರಿಕೆಯಲ್ಲಿ ಮಿಂಚುಳ್ಳಿ

ಹಕ್ಕಿಶಿಲ್ಪ ಜೀವಂತವಾಗಿ ಕಾಣಬೇಕಾದರೆ ಬಣ್ಣಕ್ಕಿಂತ ಮೊದಲು ಭಂಗಿ ಸರಿಯಿರಬೇಕು. ಕರೆಂಟ್ ತಂತಿಯ ಮೇಲೆ ಕೂತ ಮಿಂಚುಳ್ಳಿಯನ್ನು ಮುಸ್ಸಂಜೆಯಲ್ಲೂ ಗುರುತಿಸುತ್ತೇವಲ್ಲ, ಆಗ ಕಾಣುವುದು ಬರೀ ಆಕಾರ. ದಪ್ಪ ತಲೆ, ಉದ್ದ ಕೊಕ್ಕು, ಗಿಡ್ಡ ಕಾಲಿನ ಬಿಳಿಕತ್ತಿನ ಮಿಂಚುಳ್ಳಿ ಕಲಿಯುವವರಿಗೆ ಒಳ್ಳೆಯ ಮಾದರಿ.

ಪಕ್ಕದಿಂದ, ಎದುರಿನಿಂದ, ಬೆನ್ನಿನ ಕಡೆಯಿಂದ ತೆಗೆದ ಫೋಟೊ ನೋಡಿ ನಿಜ ಗಾತ್ರದಲ್ಲೇ ಚಿತ್ರ ಬರೆದುಕೊಳ್ಳಿ. ಕೊಕ್ಕಿನಿಂದ ಬಾಲದವರೆಗೆ ಸುಮಾರು 28 ಸೆಂ.ಮೀ. ಬಂದರೆ ಸರಿ. ಚಿತ್ರದ ಮೇಲಿಟ್ಟೇ ತಂತಿ ಬಗ್ಗಿಸಿ, ಪೇಪರ್ ಉಂಡೆ ಸುತ್ತಿ ಟೇಪ್ ಬಿಗಿಯಿರಿ. ಕೊಕ್ಕಿಗೆ ಬಿದಿರಿನ ಚೂರು ಹೆರೆದುಕೊಳ್ಳಿ.

ರಾತ್ರಿಯಿಡೀ ನೆನೆದ ಪತ್ರಿಕೆಯನ್ನು ರುಬ್ಬಿ, ಹಿಂಡಿ, ಅಂಟು ಕಲಸಿ ತೆಳುವಾಗಿ ಮೆತ್ತಿ. ಫೆವಿಕಾಲ್ ಸಾಕು, ಕಿನ್ನಾಳದ ಗೊಂಬೆ ಕಲಾವಿದರಂತೆ ಹುಣಸೆಬೀಜದ ಅಂಟನ್ನೂ ಬಳಸಬಹುದು. ಒಂದೇ ಸಲ ದಪ್ಪಗೆ ಮೆತ್ತಿದರೆ ಒಳಗೆ ಬೂಷ್ಟು ಹಿಡಿಯುತ್ತದೆ. ಎದೆಯ ಮೃದು ಪುಕ್ಕಕ್ಕೆ ಹಸಿಯಿರುವಾಗಲೇ ಹಳೇ ಟೂತ್‌ಬ್ರಶ್ ಎಳೆಯಿರಿ.

ರೆಕ್ಕೆ, ಬಾಲಕ್ಕೆ ಮಾತ್ರ ಡ್ರಾಯಿಂಗ್ ಹಾಳೆಯ ಗರಿ ಕತ್ತರಿಸಿ, ನಡುವೆ ಮೊಂಡು ಸೂಜಿಯಿಂದ ಗೀರಿ. ಸೂರಿನಿಂದ ಮೇಲಕ್ಕೆ ಹೆಂಚು ಹೊದಿಸಿದಂತೆ ಬಾಲದಿಂದ ತಲೆಯ ಕಡೆಗೆ ಅಂಟಿಸುತ್ತ ಬನ್ನಿ. ಎಲ್ಲೋ ಬಿದ್ದು ಸಿಕ್ಕ ನಿಜವಾದ ಗರಿ ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ತೊಡಕು ಒಂದು ಕಡೆ, ಅದಕ್ಕಿಂತ ಹೆಚ್ಚಾಗಿ ಅಂಥ ಗರಿ ಅಂಟಿಸಿದ ಹಕ್ಕಿ ಜಾತ್ರೆಯ ಆಟಿಕೆಯಂತೆ ಕಾಣುತ್ತದೆ.

ಕಣ್ಣಿಗೆ ಕಪ್ಪು ಗಾಜಿನ ತಲೆಯ ಗುಂಡುಪಿನ್ನು. ಎರಡೂ ಕಣ್ಣು ಒಂದೇ ಮಟ್ಟದಲ್ಲಿವೆಯೇ ಎಂದು ಎದುರಿನಿಂದ ನೋಡಿ. ಕೂದಲೆಳೆಯಷ್ಟು ಏರುಪೇರಾದರೂ ಮುಖ ಕೆಡುತ್ತದೆ. ಮೇಲೊಂದು ತೆಳು ರೆಪ್ಪೆ ಮೆತ್ತಿದರೆ ಬೆಚ್ಚಿಬಿದ್ದ ನೋಟ ಹೋಗುತ್ತದೆ.

ಈ ಹಕ್ಕಿಯ ನೀಲಿ ವರ್ಣದ್ರವ್ಯದ್ದಲ್ಲ. ಗರಿಯ ಸೂಕ್ಷ್ಮ ರಚನೆ ಬೆಳಕನ್ನು ಚದುರಿಸುವುದರಿಂದ ಹಾಗೆ ಕಾಣುತ್ತದೆ. ಆದ್ದರಿಂದ ಮೊದಲು ಕಪ್ಪು ಬಳಿದು, ಅದರ ಮೇಲೆ ನೀರಾದ ಅಕ್ರಿಲಿಕ್ ನೀಲಿಯನ್ನು ಹಲವು ಪದರ ಹಚ್ಚಿ. ತಲೆ, ಹೊಟ್ಟೆ ಚಾಕೊಲೇಟ್ ಕಂದು. ಗಂಟಲು, ಎದೆ ಬಿಳಿ. ಕೊಕ್ಕು, ಕಾಲು ಕೆಂಪು. ರೆಕ್ಕೆಯ ದೊಡ್ಡ ಬಿಳಿ ಮಚ್ಚೆ ಹಾರುವಾಗ ಎದ್ದು ಕಾಣುವಂಥದ್ದು, ಕೂತ ಹಕ್ಕಿಗೆ ಬಳಿಯಬೇಡಿ. ಮುಂದಿನ ಬೆರಳುಗಳಲ್ಲಿ ಹೊರಗಿನದೂ ನಡುವಿನದೂ ಬುಡದಲ್ಲಿ ಕೂಡಿರುತ್ತವೆ.

ಮೈಗೆ ಮ್ಯಾಟ್ ವಾರ್ನಿಶ್, ಕೊಕ್ಕಿಗೆ ಮಾತ್ರ ಹೊಳಪಿನದು. ತೋಟದಲ್ಲಿಡುವ ಆಸೆಯಿದ್ದರೆ ಕಾಗದ ಬಿಟ್ಟು ಎಪಾಕ್ಸಿ ಪುಟ್ಟಿಯಲ್ಲೇ ಮಾಡಿ. ನಮ್ಮ ಮಳೆಗಾಲಕ್ಕೆ ಕಾಗದದ ಹಕ್ಕಿ ತಡೆಯುವುದಿಲ್ಲ.